ಸರಳ ಎಂದ ಮಾತ್ರಕ್ಕೆ ಸಾಮಾನ್ಯವೇ?

ಮೊಬೈಲ್‌ನಲ್ಲಿ ವಿಡಿಯೊ ಸಲೀಸಾಗಿ ಓಡುವುದು ದತ್ತಾಂಶವನ್ನು ಕುಗ್ಗಿಸಿ ಕಳಿಸುವುದರಿಂದ. ಈ ಕುಗ್ಗಿಸುವ ತಂತ್ರಗಳ ಪೇಟೆಂಟ್ ಜಗಳ ಕೋರ್ಟಿಗೆ ಹೋದಾಗ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದಿದೆ: ಆ ಕ್ಷೇತ್ರ ಬಲ್ಲ ಸಾಧಾರಣ ಎಂಜಿನಿಯರ್‌ಗೂ ಇದು ಹೊಳೆಯುತ್ತಿತ್ತಲ್ಲವೇ? ಹೌದು ಎಂದಾದರೆ ಪೇಟೆಂಟ್ ಉಳಿಯುವುದಿಲ್ಲ.

ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2019ರ ಜನವರಿಯಲ್ಲಿ ಕೊಟ್ಟ ತೀರ್ಪು ನನಗೆ ಇಷ್ಟವಾಯಿತು. ರಿಯಲ್‌ಟೈಮ್ ಡೇಟಾ ಎಂಬ ಕಂಪನಿಯ ಪೇಟೆಂಟ್ ಅದು. ವಿಡಿಯೊಗೆಂದೇ ಮಾಡಿದ್ದಲ್ಲ, ಯಾವುದೇ ದತ್ತಾಂಶಕ್ಕೂ ಹೊಂದುತ್ತದೆ: ಪದೇ ಪದೇ ಬರುವ ಸಾಲುಗಳನ್ನು ಒಂದು ‘ನಿಘಂಟಿ’ನಲ್ಲಿಟ್ಟು, ಮುಂದೆ ಅದೇ ಸಾಲು ಬಂದಾಗ ಸಂಕೇತವನ್ನಷ್ಟೇ ಬರೆಯುವುದು. ಎದುರಾಳಿಗಳು ಓಬ್ರಿಯನ್ ಎಂಬವರ ಹಳೆಯ ಪೇಟೆಂಟ್ ಮುಂದಿಟ್ಟರು. ಅದರಲ್ಲಿರುವುದೂ ನಿಘಂಟು ವಿಧಾನವೇ ಎಂದು ತೋರಿಸಲು ಒಂದು ಪುಸ್ತಕವನ್ನೂ ತಂದರು. ಇವೆರಡನ್ನು ಜೋಡಿಸಲು ಕಾರಣವೇನಿತ್ತು ಎಂದು ಕಂಪನಿ ವಾದಿಸಿತು. ಹಳೆಯ ಪೇಟೆಂಟ್ ಒಂದರಲ್ಲೇ ಎಲ್ಲವೂ ಇರುವಾಗ ಜೋಡಿಸುವ ಮಾತೇಕೆ ಎಂದಿತು ನ್ಯಾಯಾಲಯ. ಹೆಸರು ಬದಲಾದರೆ ಸರಕು ಹೊಸದಾಗದು, ಸರಿಯಾದ ತೀರ್ಪೇ.

ಆದರೆ ‘ಇದೇನು ಮಹಾ’ ಎನ್ನುವ ಮಾತು ತಪ್ಪು ಬಾಯಲ್ಲೂ ಬರುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಯುವಿಸಿಇಯಲ್ಲಿ ಓದಿದ ನಾಸಿರ್ ಅಹ್ಮದ್ ಅಮೆರಿಕದ ಕ್ಯಾನ್ಸಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1972ರಲ್ಲಿ ಒಂದು ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ ಬಳಿ ಹಣ ಕೇಳಿದರು. ಹಣ ಸಿಗಲಿಲ್ಲ. ಪರಿಶೀಲಿಸಿದವರೊಬ್ಬರಿಗೆ ಅದು ತೀರಾ ಸರಳ ಅನ್ನಿಸಿತ್ತಂತೆ! ಅವರು ಕೆಲಸ ಬಿಡಲಿಲ್ಲ. 1974ರಲ್ಲಿ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಪ್ರಕಟಿಸಿದ ಆ ಲೇಖನವೇ ಡಿಸಿಟಿ, ಅಂದರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಜೆಪೆಗ್ ಚಿತ್ರ, ಎಂಪೆಗ್ ವಿಡಿಯೊ ಎಲ್ಲದರ ಬುನಾದಿ ಅದು.

ಒಬ್ಬರು ದಾಖಲೆ ತೋರಿಸಿದರು, ಇನ್ನೊಬ್ಬರು ಅನಿಸಿಕೆ ಹೇಳಿದರು. ವ್ಯತ್ಯಾಸ ಇಷ್ಟೇ. ಉತ್ತರ ಕಂಡಮೇಲೆ ಯಾವ ಲೆಕ್ಕವೂ ಸುಲಭವೇ, ಪರೀಕ್ಷೆ ಬರೆದ ನಮಗೆ ಇದನ್ನು ಯಾರೂ ಹೇಳಬೇಕಿಲ್ಲ.

ನಮ್ಮ ಪೇಟೆಂಟ್ ಕಾಯ್ದೆಯೂ ಸೆಕ್ಷನ್ 2(1)(ಜೆಎ)ಯಲ್ಲಿ ಇದೇ ಪರೀಕ್ಷೆ ಇಟ್ಟಿದೆ. ಅರ್ಜಿ ತಿರಸ್ಕರಿಸುವ ಅಧಿಕಾರಿ ಹಳೆಯದರಲ್ಲಿ ಏನಿತ್ತು, ಹೊಸದರಲ್ಲಿ ಏನಿದೆ, ಅಲ್ಲಿಂದ ಇಲ್ಲಿಗೆ ಬರುವುದು ಹೇಗೆ ಸಹಜ ಎಂಬ ಮೂರನ್ನೂ ವಿವರಿಸಬೇಕೆಂದು 2022ರಲ್ಲಿ ಅಗ್ರಿಬೋರ್ಡ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಪ್ರಾಜೆಕ್ಟ್ ರಿವ್ಯೂನಲ್ಲಿ ‘ಇದರಲ್ಲಿ ಹೊಸದೇನಿದೆ’ ಎಂದು ಕೇಳುವವರಿಗೂ ನಾವು ವಿನಯದಿಂದಲೇ ಕೇಳಬಹುದು: ‘ಸರ್, ಇದು ಯಾವ ಪೇಪರ್‌ನಲ್ಲಿದೆ?’