ಪೊವೆಲ್ ನಮ್ಮವರಲ್ವಾ?

ಕೋಲಾರದವನು ಅಂದ್ರೆ ಸಾಕು, ಬೆಂಗಳೂರಲ್ಲಿ ಎಲ್ಲರೂ ಕೇಳೋದು ರಾಕಿ ಭಾಯ್ ಬಗ್ಗೆ. ಸಿನಿಮಾ ಮೇಲೆ ನಂಗೇನೂ ಸಿಟ್ಟಿಲ್ಲ, ಎರಡೂ ಭಾಗ ನೋಡಿದೀನಿ. ಆದ್ರೆ ಎರಡನೇ ಭಾಗ ಬಂದ 2022ರಲ್ಲೇ, ಡಿಸೆಂಬರ್ 11ಕ್ಕೆ, ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ತೀರಿಕೊಂಡರು. ಮಾಲೂರಿನ ಹೆಂಚು, ಶ್ರೀನಿವಾಸಪುರದ ಮಾವು, ನಮ್ಮ ಮುಳಬಾಗಿಲು ದೋಸೆ ಬಗ್ಗೆ ಎದೆಯುಬ್ಬಿಸಿ ಮಾತಾಡೋ ನಮಗೆ ಈ ಹೆಸರು ಗೊತ್ತೇ ಇಲ್ಲ!

ಐಟಿಐ ಕಾರ್ಖಾನೆಯ ನೌಕರ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿ, 4x100 ರಿಲೇ ತಂಡದ ಜೊತೆ ಸೆಮಿಫೈನಲ್ ಮುಟ್ಟಿದವರು. 1965ರಲ್ಲಿ ಅರ್ಜುನ ಪ್ರಶಸ್ತಿ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು.

"ರಿಲೇ ತಾನೇ, ಸೆಮಿಫೈನಲ್ ತಾನೇ" ಅಂತೀರಾ? ಸ್ವಾಮಿ, ರಿಲೇ ಅಂದ್ರೆ ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಓಡಿಬಿಡೋದಲ್ಲ. ಮುಂದಿನವನು ಹಿಂದೆ ತಿರುಗಿ ನೋಡದೆ ವೇಗ ಹಿಡಿದಿರಬೇಕು, ಆಗಿನ ನಿಯಮದಂತೆ 20 ಮೀಟರ್ ಒಳಗೆ ಬೇಟನ್ ಕೈ ಬದಲಾಗಬೇಕು. ಗೆರೆ ದಾಟಿತೋ, ತಂಡವೇ ಹೊರಗೆ. ಅದೂ ಇದ್ದಿಲಿನ ಕಿಟ್ಟ ಹಾಸಿದ ಟ್ರ್ಯಾಕಿನ ಮೇಲೆ! ಒಲಿಂಪಿಕ್ಸಿಗೆ ಸಿಂಥೆಟಿಕ್ ಟ್ರ್ಯಾಕ್ ಬಂದದ್ದೇ 1968ರ ಮೆಕ್ಸಿಕೋದಲ್ಲಿ.

ಇನ್ನು ಕೆಲವರದ್ದು ಬೇರೆ ರಾಗ: "ಹೆಸರು ಇಂಗ್ಲಿಷರದ್ದಲ್ವಾ, ನಮ್ಮವರು ಹೇಗಾಗ್ತಾರೆ?" ಚಿನ್ನ ತೆಗೆದ ಕಂಪನಿ ಹೆಸರೂ ಜಾನ್ ಟೇಲರ್ ಅಂತಲೇ ಇತ್ತಲ್ರೀ. ಚಿನ್ನ ಮಾತ್ರ "ನಮ್ಮ ಕೋಲಾರದ್ದು", ಓಟಗಾರ ಪರದೇಶಿಯಾ?

ಪ್ರತಿಮೆ, ಸ್ಮಾರಕ ಏನೂ ಬೇಡ. ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದ ರಿಲೇ ಓಟಕ್ಕೆ ಪೊವೆಲ್ ಹೆಸರಿಡಿ. ಮೈಕಿನಲ್ಲಿ ಒಂದು ಸಲ ಕೂಗಿ ಹೇಳೋಕೆ ಯಾರ ಜೇಬಿಂದಲೂ ಕಾಸು ಹೋಗಲ್ಲ.