ಮೊದಲ ಖಳನ ಬಲ

ಕಳೆದ ಬೇಸಗೆಯ ರಜೆಯ ಒಂದು ಸಂಜೆ, ಕನಕಪುರದ ನಮ್ಮ ಮನೆಯ ಜಗುಲಿಯ ಮೇಲೆ ನನ್ನ ತಂಗಿಯ ಮಕ್ಕಳಿಬ್ಬರು ಬಿರುಸಿನ ವಾದಕ್ಕೆ ತೊಡಗಿದ್ದರು. ಜಪಾನಿನ ಅಕಿರಾ ತೊರಿಯಾಮರು ಸೃಷ್ಟಿಸಿದ ‘ಡ್ರ್ಯಾಗನ್ ಬಾಲ್’ ಕಥೆಯಲ್ಲಿ, 1989ರಲ್ಲಿ ಆರಂಭವಾದ ‘ಡ್ರ್ಯಾಗನ್ ಬಾಲ್ ಜ಼ೆಡ್’ ಧಾರಾವಾಹಿಯ ಮೊದಮೊದಲಿಗೇ ಆಕಾಶದಿಂದಿಳಿದು ಬರುವ ರಾಡಿಟ್ಜ಼್ ಎಂಬ ಖಳನು ನಿಜಕ್ಕೂ ಎಷ್ಟು ಬಲಶಾಲಿಯಾಗಿದ್ದನೆಂಬುದು ವಾದದ ವಿಷಯ. ಹಿರಿಯವನು, ‘ಮುಂದೆ ಬರೋರ ಎದುರಿಗೆ ಅವ್ನು ಇರುವೆ ಲೆಕ್ಕ’ ಎಂದು ತೀರ್ಪಿತ್ತನು. ಕಿರಿಯವನು ಅದನ್ನೊಪ್ಪದೆ ನನ್ನತ್ತ ತಿರುಗಿ, ‘ಮಾವ, ನೀವೇ ಯೋಳಿ, ಇರುವೆ ಆಗಿದ್ರೆ ಗೋಕು ಯಾಕೆ ಸತ್ತೋದ?’ ಎಂದು ಕೇಳಿದನು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಆದರೆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹಿರಿಯವನ ಪಕ್ಷದಲ್ಲಿ ಅಂಕೆಗಳಿವೆ. ರಾಡಿಟ್ಜ಼್ ಕಣ್ಣಿಗೆ ತೊಟ್ಟ ಯಂತ್ರವೊಂದು ಎದುರಾಳಿಯ ಬಲವನ್ನು ಅಳೆದು ತೋರಿಸುತ್ತದೆ. ಅವನು ಬಂದಿಳಿದ ಹೊಲದಲ್ಲಿ ಬಂದೂಕು ಹಿಡಿದು ಎದುರಾದ ರೈತನಿಗೆ ಅದು ಕೊಡುವ ಅಂಕೆ 5, ಕಥಾನಾಯಕ ಗೋಕುವಿಗೆ 334, ಗೋಕುವಿನ ಹಳೆಯ ವೈರಿ ಪಿಕೊಲೊವಿಗೆ 322. ಮುಂದೆ ಫ್ರೀಜ಼ ಎಂಬ ಖಳನು ತನ್ನ ಬಲ 5,30,000 ಎಂದು ಸಾರುವ ಹೊತ್ತಿಗೆ ಈ ನೂರು ಇನ್ನೂರುಗಳ ಲೆಕ್ಕವೆಲ್ಲ ಮಕ್ಕಳ ಕವಡೆಯಾಟದಂತೆ ಕಾಣತೊಡಗುತ್ತದೆ. ಅಷ್ಟೇಕೆ, ರಾಡಿಟ್ಜ಼್‌ನ ಸಂಗಡಿಗನೇ ಅವನು ಸತ್ತ ಮೇಲೆ ಬಂದು, ಮಣ್ಣಿನಲ್ಲಿ ಬೀಜ ಬಿತ್ತಿ ಬೆಳೆದ ಹಸಿರು ಬಣ್ಣದ ಕುಳ್ಳ ಜೀವಿಗಳನ್ನು ತೋರಿಸಿ, ಬಲದಲ್ಲಿ ಇವೂ ಅವನಿಗೆ ಸಮವೆನ್ನುತ್ತಾನೆ. ಸತ್ತವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ.

ಆದರೂ ಅಂಕೆಯಿಂದ ಬಲವನ್ನು ಅರಿಯಬಹುದೆಂಬ ನಂಬಿಕೆಯಲ್ಲಿಯೇ ಏನೋ ಕೊರತೆಯಿದೆಯೆಂದು ನನಗೆ ತೋರುತ್ತದೆ. ನಮ್ಮ ಪ್ರಾಂತದವರಿಗೆ ಇದು ಹೊಸ ಮಾತಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನಿಂತವರು ಕಂಡಿರಬಹುದು: ನೂಲು ತೆಗೆಸುವ ರೀಲರು ತಕ್ಕಡಿಯ ತೂಕವನ್ನು ನಂಬಿ ಬೆಲೆ ಕಟ್ಟುವುದಿಲ್ಲ, ರಾಶಿಯೊಳಕ್ಕೆ ಕೈಯಿಳಿಸಿ ತಳದಿಂದ ನಾಲ್ಕು ಗೂಡು ಎತ್ತಿ, ಹೆಬ್ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದನ್ನು ಆಲಿಸಿ, ಒಂದು ಕಿಲೋ ನೂಲಿಗೆ ಈ ಗೂಡು ಎಷ್ಟು ಕಿಲೋ ಬೇಕಾದೀತೆಂದು ಮನಸ್ಸಿನಲ್ಲಿಯೇ ಎಣಿಸಿದ ಮೇಲೆಯೇ ಬೆಲೆ ಸೂಚಿಸುತ್ತಾನೆ. ತೂಕ ಸುಳ್ಳಲ್ಲ, ಆದರೆ ಅವನಿಗೆ ಬೇಕಾದುದು ತೂಕವಲ್ಲ.

ಇದೇ ಅನ್ಯಾಯಕ್ಕೆ ಈಡಾದ ಖಳನೊಬ್ಬನು ನಮ್ಮಲ್ಲಿಯೂ ಇದ್ದಾನೆ. ಮಹಾಭಾರತದ ಆದಿಪರ್ವದಲ್ಲಿ ಬರುವ ಬಕನು, ಮುಂದೆ ಜರಾಸಂಧ ಕೀಚಕಾದಿಗಳು ಬಂದು ಕಥೆಯ ರಂಗಸ್ಥಳವನ್ನು ತುಂಬಿದ ಮೇಲೆ, ಜನರ ನೆನಪಿನಲ್ಲಿ ಕುಗ್ಗುತ್ತ ಕುಗ್ಗುತ್ತ ಕೊನೆಗೆ ಬರಿಯ ಹೊಟ್ಟೆಯಾಗಿ ಉಳಿದನು. ಊಟಕ್ಕೆ ಕುಳಿತ ಹುಡುಗನು ಮೂರನೆಯ ಮುದ್ದೆ ಕೇಳಿದರೆ ‘ಬಕಾಸುರ’ ಎನ್ನುತ್ತೇವೆ, ಅಷ್ಟೇ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಅಂದಿನ ಏಕಚಕ್ರಪುರವೆಂದೂ ಅಲ್ಲಿಯ ಬೆಟ್ಟದಲ್ಲಿಯೇ ಬಕನಿದ್ದನೆಂದೂ ಆ ಭಾಗದ ಜನ ನಂಬಿಕೊಂಡು ಬಂದಿದ್ದಾರೆ. ಆ ಬೆಟ್ಟವನ್ನು ಕಣ್ಣ ಮುಂದಿರಿಸಿಕೊಂಡು ಕಥೆಯನ್ನು ಮತ್ತೊಮ್ಮೆ ಓದಿದವರಿಗೆ ಹೊಟ್ಟೆಬಾಕನ ಬದಲು ಬೇರೊಬ್ಬನು ಕಾಣಬರುತ್ತಾನೆ.

ಬಕನಿಗೆ ಊರು ಕೊಡುತ್ತಿದ್ದುದು ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಮನೆಮನೆಗೂ ಸರದಿ, ಒಂದು ಮನೆಗೆ ಅದು ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ತಪ್ಪಿಸಿಕೊಳ್ಳಲು ನೋಡಿದವನನ್ನು ಹೆಂಡಿರು ಮಕ್ಕಳ ಸಮೇತ ತಿನ್ನುವನು. ಈ ವ್ಯವಸ್ಥೆಯಲ್ಲಿ ನನ್ನ ಮನಸ್ಸನ್ನು ಕಲಕುವುದು ಅದರ ಕ್ರೌರ್ಯಕ್ಕಿಂತಲೂ ಅದರ ಅಚ್ಚುಕಟ್ಟು. ಬಂಡಿಯೆಂದರೆ ಏನೆಂದು ಸುಗ್ಗಿಯ ಕಣವನ್ನು ಕಂಡವರು ಬಲ್ಲರು: ಕೀಲಿಗೆ ಎಣ್ಣೆ ಬಿಡಬೇಕು, ನೊಗಕ್ಕೆ ಹಗ್ಗ ಬಿಗಿಯಬೇಕು, ಎಂಟು ಹತ್ತು ಮೂಟೆಯ ಭಾರವನ್ನು ಹಿಂದುಮುಂದು ಸಮನಾಗಿ ಹೇರಬೇಕು, ಇಲ್ಲವಾದರೆ ಮೂಕಿಯೆದ್ದು ನೊಗ ಮೇಲಕ್ಕೆ ಹಾರುತ್ತದೆ. ಒಂದು ಬಂಡಿ ಅನ್ನವನ್ನು ಒಬ್ಬ ಗೃಹಿಣಿ ಬೇಯಿಸಿ ಮುಗಿಸಲಾರಳು. ನೆರೆಹೊರೆಯವರ ಒಲೆಗಳೂ ಉರಿಯಬೇಕು. ಹೀಗೆ ಒಬ್ಬನನ್ನು ಸಾವಿಗೆ ಕಳುಹಿಸಲು ಇಡೀ ಬೀದಿಯೇ ಕೈಜೋಡಿಸಬೇಕಾಗಿದ್ದ ಆ ಊರಿನಲ್ಲಿ, ಬಕನ ಬಲವು ಅವನ ತೋಳಿನಲ್ಲಿ ಎಷ್ಟಿತ್ತೋ ಅಷ್ಟೇ ಆ ಒಲೆಗಳ ಬೆಂಕಿಯಲ್ಲಿಯೂ ಇತ್ತೆಂದು ಹೇಳಬೇಕಾಗುತ್ತದೆ.

ಪಾಂಡವರಿಗೆ ಆಶ್ರಯವಿತ್ತ ಬ್ರಾಹ್ಮಣನು ಕುಂತಿಯ ಮುಂದೆ, ಸರದಿ ತನ್ನ ಮನೆಗೆ ಬಂದ ದುಃಖವನ್ನು ತೋಡಿಕೊಳ್ಳುವಾಗ ಇನ್ನೊಂದು ಮಾತನ್ನೂ ಹೇಳುತ್ತಾನೆ. ಕಥೆ ಹೇಳುವವರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ. ಈ ನಾಡನ್ನು ಕಾಯುತ್ತಿರುವವನು ಬಕನೇ; ಅವನ ದೆಸೆಯಿಂದ ನಮಗೆ ಪರಸೈನ್ಯದ ಭಯವಿಲ್ಲ. ರಾಜನೊಬ್ಬನು ವೇತ್ರಕೀಯಗೃಹವೆಂಬಲ್ಲಿ ಇದ್ದಾನೆ. ಆದರೆ ಪ್ರಜೆಗಳನ್ನು ಈ ಪೀಡೆಯಿಂದ ಪಾರುಮಾಡುವ ಶಕ್ತಿಯಾಗಲಿ ಉಪಾಯವಾಗಲಿ ಅವನಲ್ಲಿಲ್ಲ. ಎಂದ ಮೇಲೆ ಬಕನು ಕಾಡಿನಿಂದ ಬಂದು ಊರಿನ ಮೇಲೆ ಬಿದ್ದ ಮೃಗವಲ್ಲ, ಖಾಲಿಯಿದ್ದ ಸಿಂಹಾಸನದ ಮೇಲೆ ಕುಳಿತವನು. ಬಂಡಿ ಅನ್ನವು ಭಿಕ್ಷೆಯಲ್ಲ, ಕಂದಾಯ. ಅಂಕೆಯ ಯಂತ್ರವನ್ನು ಅವನತ್ತ ಹಿಡಿದರೆ ದೇಹದ ಬಲವನ್ನು ಮಾತ್ರ ತೋರಿಸೀತು. ಆ ದೇಹದ ಹಿಂದೆ ನಿಂತಿದ್ದ ರಾಜನ ದೌರ್ಬಲ್ಯವನ್ನು ಎಲ್ಲಿಂದ ತೋರಿಸಬೇಕು?

ಇದೇ ಲೆಕ್ಕವನ್ನು ಮನೆಯ ಸಮೀಪದಲ್ಲಿ ಕಾಣಬೇಕಾದರೆ ರಾಮನಗರದ ಬಂಡೆಗಳಿಗೆ ಹೋಗಬೇಕು. ರಮೇಶ್ ಸಿಪ್ಪಿಯವರು 1973ರ ಅಕ್ಟೋಬರಿನಲ್ಲಿ ‘ಶೋಲೆ’ಯ ಚಿತ್ರೀಕರಣ ಆರಂಭಿಸಿ, ರಾಮದೇವರ ಬೆಟ್ಟದ ಬುಡದಲ್ಲಿ ‘ರಾಮಗಢ’ವೆಂಬ ಹಳ್ಳಿಯನ್ನೇ ಕಟ್ಟಿಸಿದರು. ಅಮ್ಜದ್ ಖಾನ್ ಅಭಿನಯಿಸಿದ ಗಬ್ಬರ್ ಸಿಂಗನು ಅಲ್ಲಿಯ ಬಂಡೆಗಳ ಮೇಲೆ ನಡೆದಾಡಿದ್ದು ಬಕನಂತೆ ಬೃಹದ್ದೇಹದಿಂದಲ್ಲ, ಕೈಯಲ್ಲೊಂದು ಬೆಲ್ಟು ಹಿಡಿದು. ಅವನಿಗೂ ಹಳ್ಳಿಯಿಂದ ಧಾನ್ಯದ ಮೂಟೆ ಬರಬೇಕು. ಇಬ್ಬರೇ ಇಬ್ಬರಿಗೆ ಹೆದರಿ ಬರಿಗೈಯಲ್ಲಿ ಹಿಂದಿರುಗಿದ ತನ್ನ ಮೂವರು ಸಹಚರರನ್ನು ಅವನು ಕೊಲ್ಲುವುದು ಮೂಟೆ ಹೋಯಿತೆಂದಲ್ಲ, ಹೆಸರು ಹೋಯಿತೆಂದು. ಏಕೆಂದರೆ ಹೆಸರೇ ತನ್ನ ಬಲವೆಂಬುದು ಅವನಿಗೆ ಗೊತ್ತು. ಸಿನಿಮಾ 1975ರ ಆಗಸ್ಟ್ 15ರಂದು ತೆರೆಕಾಣುವ ಮೊದಲು ಸೆನ್ಸಾರ್ ಮಂಡಳಿಯ ಒತ್ತಾಯದಿಂದ ಅದರ ಅಂತ್ಯವನ್ನು ಬದಲಿಸಿ, ಠಾಕೂರನ ಕಾಲ ಕೆಳಗೆ ಸಾಯಬೇಕಾಗಿದ್ದ ಗಬ್ಬರನನ್ನು ಪೊಲೀಸರ ಕೈಗೆ ಒಪ್ಪಿಸಲಾಯಿತು. ಖಳನನ್ನು ಮುಗಿಸುವ ಅಧಿಕಾರ ಯಾರದೆಂಬ ವಿಚಾರದಲ್ಲಿ, ಅದೂ ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ, ಪ್ರಭುತ್ವಕ್ಕಿದ್ದ ಕಳವಳವನ್ನು ಇದರಲ್ಲಿ ನಾನು ಕಾಣುತ್ತೇನೆ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಖಳನ ಬಲವೆಂಬುದು ಜನರ ಹೇಡಿತನದ ಇನ್ನೊಂದು ಹೆಸರೆಂದು ಯಾರಾದರೂ ತೀರ್ಮಾನಿಸಿದರೆ ಅದನ್ನು ನಾನು ಒಪ್ಪಲಾರೆ. ಅದು ಏಕಚಕ್ರದವರಿಗೆ ಮಾಡುವ ಅಪಚಾರ. ಬಕನು ನಿಜವಾಗಿಯೂ ಬಲವಂತನೇ ಆಗಿದ್ದನು. ಅವನು ಎರಡು ಕೈಗಳಿಂದಲೂ ಬೆನ್ನಿಗೆ ಗುದ್ದಿದಾಗ ತಿರುಗಿಯೂ ನೋಡದೆ ಉಣ್ಣುತ್ತ ಕುಳಿತಿರಲು ಭೀಮನೊಬ್ಬನಿಗೆ ಸಾಧ್ಯವಾಯಿತೇ ಹೊರತು ಬಂಡಿ ಹೊಡೆದುಕೊಂಡು ಬಂದ ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ. ಅನಂತರವೂ ಆ ಕಾಡಿನ ಮರಗಳು ಬುಡಮೇಲಾಗುವವರೆಗೆ ಕಾದಾಡಬೇಕಾಯಿತು. ಬಕ, ಕೀಚಕ, ಜರಾಸಂಧ, ದುರ್ಯೋಧನ, ಭೀಮ ಈ ಐವರೂ ಸಮಬಲರೆಂದೂ, ಇವರಲ್ಲಿ ಮೊದಲು ಒಬ್ಬನನ್ನು ಕೊಂದವನ ಕೈಯಲ್ಲಿಯೇ ಉಳಿದವರ ಮರಣವೆಂದೂ ಹರಿಕಥೆಯ ದಾಸರು ಹೇಳುವುದುಂಟು. ಆ ಮಾತನ್ನು ಹುಡುಗನಾಗಿದ್ದಾಗ ಕೇಳಿ ಮರೆತಿದ್ದೆ; ಈಗ ಅದರ ವಿವೇಕ ಅರಿವಾಗುತ್ತಿದೆ. ಮೊದಲ ಖಳನನ್ನು ಗೆದ್ದ ಕೈಯೇ ಮುಂದಿನವರನ್ನು ಗೆಲ್ಲುವ ಕೈಯಾಗುವುದರಿಂದ, ಮುಂದಿನವರ ಎದುರಿಗೆ ಅವನನ್ನಿಟ್ಟು ಅಳೆಯುವುದು ಸಲ್ಲದು. ಅವನು ಬಂದ ದಿನ ಎದುರಿಗಿದ್ದವರು ಯಾರು, ಅವರು ತೆತ್ತುದು ಏನು ಎಂಬುದರಿಂದಲೇ ಅಳೆಯಬೇಕು.

ಕಿರಿಯವನು ಕೇಳಿದ್ದೂ ಇದನ್ನೇ. ರಾಡಿಟ್ಜ಼್ ಬಂದ ದಿನ ಎದುರಿಗಿದ್ದವರು 334, 322. ಅವರಿಬ್ಬರೂ ಹಳೆಯ ಹಗೆಯನ್ನು ಬದಿಗಿರಿಸಿ ಒಂದಾಗಬೇಕಾಯಿತು. ಒಂದಾದರೂ ಸಾಲದೆ, ಗೋಕು ಅವನನ್ನು ಹಿಂದಿನಿಂದ ತಬ್ಬಿ ಹಿಡಿದು ನಿಲ್ಲಲು, ಪಿಕೊಲೊ ಬಿಟ್ಟ ಕಿರಣವು ಇಬ್ಬರ ಎದೆಯನ್ನೂ ಒಟ್ಟಿಗೇ ತೂರಿ ಹೋಗಬೇಕಾಯಿತು. ಫ್ರೀಜ಼ನ ಲಕ್ಷಗಳನ್ನು ತಂದು ಇದರ ಪಕ್ಕದಲ್ಲಿಟ್ಟರೆ ಆ ಸಾವು ಕಿಂಚಿತ್ತಾದರೂ ಹಗುರವಾಗುತ್ತದೆಯೆ? ಅದಕ್ಕೂ ಮುನ್ನ, ತಂದೆಯನ್ನು ತುಳಿಯುತ್ತಿದ್ದ ರಾಡಿಟ್ಜ಼್‌ನ ಎದೆಗೆ ನಾಲ್ಕು ವರ್ಷದ ಗೋಹಾನ್ ಕೋಪದಿಂದ ತಲೆ ಹಾಯಿಸಿದಾಗ ಯಂತ್ರ ತೋರಿಸಿದ ಅಂಕೆ 1307. ಅದುವರೆಗೆ ಅಳುತ್ತಿದ್ದ ಮಗು ಅದು. ಏಕಚಕ್ರದ ಆ ಮನೆಯಲ್ಲಿಯೂ, ನಾನು ಹೋಗುತ್ತೇನೆ ತಾನು ಹೋಗುತ್ತೇನೆಂದು ತಂದೆ ತಾಯಿ ಮಗಳು ಅಳುತ್ತಿದ್ದಾಗ, ಮಾತು ಇನ್ನೂ ತೊದಲುತ್ತಿದ್ದ ಪುಟ್ಟ ಮಗನು ಒಂದು ಹುಲ್ಲುಕಡ್ಡಿಯನ್ನು ಎತ್ತಿಕೊಂಡು, ಇದರಿಂದ ರಕ್ಕಸನನ್ನು ಕೊಲ್ಲುವೆನೆಂದು ಎಲ್ಲರ ಬಳಿಗೂ ಹೋಗುತ್ತಾನೆ. ಅಷ್ಟು ದುಃಖದ ನಡುವೆಯೂ ಅವರಿಗೆ ಸಂತೋಷವಾಗುತ್ತದೆ. ಕುಂತಿ ಹತ್ತಿರ ಬಂದು ಮಾತನಾಡಿಸುವುದು ಆ ಕ್ಷಣದಲ್ಲಿಯೇ.

ಬಕನ ಹೆಣವನ್ನು ಭೀಮನು ಎಳೆತಂದು ಊರಬಾಗಿಲಲ್ಲಿ ಹಾಕಿ ಯಾರ ಕಣ್ಣಿಗೂ ಬೀಳದೆ ಹೊರಟುಹೋದನು. ಬೆಳಗಾದಾಗ ಹೆಂಗಸರು ಮಕ್ಕಳು ಮುದುಕರೆನ್ನದೆ ಊರೆಲ್ಲ ಬಂದು, ಬೆಟ್ಟದಂತೆ ಬಿದ್ದಿದ್ದ ಆ ದೇಹವನ್ನು ಸುತ್ತುವರಿದು ನಿಂತಿತು. ಆಮೇಲೆ ಅವರು, ನೆನ್ನೆಯ ಸರದಿ ಯಾರ ಮನೆಯದಾಗಿತ್ತೆಂದು ಎಣಿಸತೊಡಗಿದರು.