ಗುಜರಿ ಅಂಗಡಿಗೆ ಗೋಡೆ ಯಾಕೆ?

ಅಮೆರಿಕದ ಹೆದ್ದಾರಿ ಕಾನೂನಿನಲ್ಲಿ ಗುಜರಿ ಅಂದ್ರೆ ಏನು ಅಂತ ಒಂದು ಪಟ್ಟಿ ಇದೆ. ಹಳೇ ತಾಮ್ರ, ಹಿತ್ತಾಳೆ, ಹಗ್ಗ, ಚಿಂದಿ ಬಟ್ಟೆ, ಬ್ಯಾಟರಿ, ಕಾಗದ, ರಬ್ಬರ್ ಚೂರು, ಬಿಚ್ಚಿ ಹಾಕಿದ ಕಾರು, ಕಬ್ಬಿಣ, ಉಕ್ಕು. ಓದ್ತಾ ಹೋದ್ರೆ ನಮ್ಮ ಅಜ್ಜಿ ಮನೆ ಅಟ್ಟದ ಪಟ್ಟಿ ಥರಾನೇ ಇದೆ. ಕೆಟ್ಟು ನಿಂತ ಕಾರುಗಳನ್ನು ಒಟ್ಟುವ ಜಾಗಕ್ಕೆ ಅದೇ ಕಾನೂನು ಇಟ್ಟಿರುವ ಹೆಸರಂತೂ ನನಗೆ ತುಂಬಾ ಇಷ್ಟ: ವಾಹನಗಳ ಸ್ಮಶಾನ.

ಕಾನೂನು ಬಂದದ್ದು 1965ರಲ್ಲಿ. ಆಗ ಅಧ್ಯಕ್ಷರಾಗಿದ್ದವರು ಲಿಂಡನ್ ಜಾನ್ಸನ್. ಹೆದ್ದಾರಿ ಪಕ್ಕದ ಜಾಹೀರಾತು ಹಲಗೆ, ಗುಜರಿ ರಾಶಿ ನೋಡಿ ಬೇಸತ್ತು ಇದರ ಬೆನ್ನು ಹತ್ತಿದವರು ಅವರ ಹೆಂಡತಿ ಲೇಡಿ ಬರ್ಡ್. ಸಂಸತ್ತಿನಲ್ಲಿ ಚರ್ಚೆ ನಡೆಯುವಾಗ ಬಾಬ್ ಡೋಲ್ ಎಂಬ ಸದಸ್ಯರು ಒಂದು ತಿದ್ದುಪಡಿ ತಂದ್ರು. ಮಸೂದೆಯಲ್ಲಿ ವಾಣಿಜ್ಯ ಕಾರ್ಯದರ್ಶಿ ಅಂತ ಇರುವ ಕಡೆ ಲೇಡಿ ಬರ್ಡ್ ಅಂತ ಹಾಕಿ ಅಂದ್ರು! ಕುಹಕ ಏನೇ ಇರಲಿ, ಮಸೂದೆ ಪಾಸಾಯ್ತು, ಅಕ್ಟೋಬರ್ 22ರಂದು ಸಹಿಯೂ ಬಿತ್ತು.

ನಿಯಮ ಸರಳ. ಮುಖ್ಯ ಹೆದ್ದಾರಿಯ ಅಂಚಿನಿಂದ 1000 ಅಡಿ ಒಳಗೆ ಗುಜರಿ ಇದ್ದು, ಅದು ರಸ್ತೆಗೆ ಕಾಣುತ್ತಿದ್ರೆ ಮರ, ಪೊದೆ, ಬೇಲಿ ಏನಾದ್ರೂ ಅಡ್ಡ ಇಟ್ಟು ಮರೆ ಮಾಡಬೇಕು. ಆಗಲ್ಲ ಅಂದ್ರೆ ಎತ್ತಬೇಕು. ಕೈಗಾರಿಕಾ ಪ್ರದೇಶಕ್ಕೆ ವಿನಾಯಿತಿ. ಪಾಲಿಸದ ರಾಜ್ಯಕ್ಕೆ ಕೇಂದ್ರದಿಂದ ಬರುವ ಹೆದ್ದಾರಿ ಹಣದಲ್ಲಿ ನೂರಕ್ಕೆ 10ರಷ್ಟು ಖೋತಾ ಅಂತ ಮೂಲ ಕಾನೂನಿನಲ್ಲಿ ಇತ್ತು.

ಇದರ ಮೇಲೆ ಊರೂರಿನ ಸ್ಥಳೀಯ ನಿಯಮಗಳು ಬೇರೆ. ಬೇಲಿ ಇಷ್ಟು ಅಡಿ ಇರಬೇಕು, ಸಂದಿಯಿಂದ ಒಳಗೆ ಕಾಣಬಾರದು, ರಾಶಿ ಬೇಲಿಗಿಂತ ಎತ್ತರ ಏರಬಾರದು. ಕೆಲವು ಕಡೆಯಂತೂ ಬೇಲಿಯನ್ನೇ ಗುಜರಿ ಸಾಮಾನಿನಿಂದ ಕಟ್ಟಬಾರದು ಅಂತಲೂ ಬರೆದಿದ್ದಾರೆ. ಯಾರೋ ಹಳೇ ಕಾರಿನ ಬಾಗಿಲುಗಳನ್ನೇ ಸಾಲಾಗಿ ನಿಲ್ಲಿಸಿ, ತಗೊಳ್ಳಿ ನಿಮ್ಮ ಬೇಲಿ ಅಂದಿರಬೇಕು ಅನ್ನೋದು ನನ್ನ ಅನುಮಾನ.

ಬರೀ ನೋಡೋಕೆ ಚೆನ್ನಾಗಿಲ್ಲ ಅಂತ ಒಬ್ಬರ ವ್ಯಾಪಾರಕ್ಕೆ ಅಡ್ಡ ಹೋಗಬಹುದಾ? ಈ ಪ್ರಶ್ನೆ ಅಲ್ಲಿನ ಕೋರ್ಟುಗಳಿಗೂ ತಲೆನೋವಾಗಿತ್ತು. ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ತೊಂದರೆ ಅಂತ ತೋರಿಸಿದ್ರೆ ಮಾತ್ರ ತಡೆಯಬಹುದು ಅನ್ನೋದು ಹಳೇ ವಾದ. ಅದೇ 1965ರಲ್ಲಿ ಆರೆಗಾನ್ ರಾಜ್ಯದ ಸುಪ್ರೀಂ ಕೋರ್ಟ್ ಆರೆಗಾನ್ ಸಿಟಿ ಎಂಬ ಊರಿನ ಪರ ನಿಂತಿತು. ಕಾರು ಬಿಚ್ಚುವ ಅಂಗಳಗಳು ಬೇಡ ಅನ್ನೋಕೆ ಊರಿನ ಅಂದ ಒಂದೇ ಕಾರಣವಾದ್ರೂ ಸಾಕು ಅಂತ ಹೇಳಿತು.

ಅಲ್ಲಿನ ಪುರಾಣ ಇಲ್ಲಿ ಯಾಕೆ ಅಂತೀರಾ? ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಎರಡು ತಿಂಗಳಿಂದ ಇದೇ ಯುದ್ಧ. ನಮ್ಮ ಗೇಟಿನ ಎದುರು ರಸ್ತೆ ದಾಟಿದ್ರೆ ಒಂದು ಗುಜರಿ ಅಂಗಡಿ. ಬೆಂಗಳೂರು ಬೆಳೆದು ಅದರ ಸುತ್ತ ಬಂದು ಕೂತಿದೆ, ಅದು ಮಾತ್ರ ಇದ್ದಲ್ಲೇ ಇದೆ. ನಮ್ಮ ಕಟ್ಟಡ ಏಳೋ ಮುಂಚೆಯಿಂದ ಇದೆಯಂತೆ. ರಟ್ಟು, ಪ್ಲಾಸ್ಟಿಕ್, ಕಬ್ಬಿಣ, ಒಂದಷ್ಟು ಟಯರ್, ಮುಖ ಇಲ್ಲದ ಎರಡು ಆಟೋ. ರೋಡ್ ಕಡೆ ಹತ್ತಡಿ ತಗಡು ಶೀಟ್ ಹೊಡೆಸಬೇಕು, ಖರ್ಚು ಅವರದ್ದೇ, ಇಲ್ಲದಿದ್ರೆ ಕಂಪ್ಲೇಂಟ್ ಅಂತ ಗ್ರೂಪಿನಲ್ಲಿ ಪ್ರಸ್ತಾವ. ಅದರ ಕೆಳಗೆ ಮೂವತ್ತೆಂಟು ಥಂಬ್ಸ್ ಅಪ್. ಕಾರಣ ಅಂತ ಬರೆದದ್ದು ಫ್ಲಾಟಿನ ರೇಟು ಬೀಳುತ್ತೆ ಅಂತ. ಸಾಲ ಮಾಡಿ ತಗೊಂಡವರ ಭಯ ಅದು, ನನ್ನದೂ ಇಎಂಐ ಇದೆ, ಅದನ್ನು ನಗೆಪಾಟಲು ಮಾಡಲ್ಲ.

ಶನಿವಾರ ಹಳೇ ಪೇಪರ್ ಹಾಕೋಕೆ ಹೋದಾಗ ಅಂಗಡಿಯವರನ್ನೇ ಕೇಳಿದೆ. "ಅಣ್ಣ, ಶೀಟ್ ಹಾಕಿಸೋದ್ರಲ್ಲಿ ನಿಮಗೇನು ಕಷ್ಟ?"

"ದುಡ್ಡು ಒಂದು ಕಡೆ ಇರಲಿ ಮೇಡಂ," ಅಂದ್ರು. "ಈಗ ಎಲ್ಲಾ ಕಾಣ್ತಾ ಇದೆ. ಮುಚ್ಚಿಬಿಟ್ರೆ ನಾಳೆ ಯಾರ್ದಾದ್ರೂ ಸೈಕಲ್ ಕಳೆದೋದ್ರೆ ಮೊದಲು ನನ್ನ ಬಾಗಿಲಿಗೇ ಬರ್ತಾರೆ. ಒಳಗೆ ಏನು ಬಚ್ಚಿಟ್ಟಿದ್ದೀಯ ಅಂತ ಕೇಳ್ತಾರೆ. ನೀವೇ ಮುಚ್ಚು ಅಂದ್ರಿ ಅಂತ ಯಾರ ಹತ್ರ ಹೇಳ್ಲಿ?"

ಅಷ್ಟರಲ್ಲಿ ಒಬ್ಬರು ಚಿಂದಿ ಆಯುವ ಅಮ್ಮ ಮೂಟೆ ಇಳಿಸಿದ್ರು. ತಕ್ಕಡಿ ಇರೋದು ರಸ್ತೆ ಅಂಚಿನಲ್ಲಿ. ತೂಕ ಆಗುವಾಗ ಆಕೆ ನೋಡ್ತಾರೆ, ಪಕ್ಕದ ಟೀ ಅಂಗಡಿಯವರೂ ನೋಡ್ತಾರೆ, ನಾನೂ ನೋಡಿದೆ. ಅರ್ಧ ಕಿಲೋ ಅತ್ತಿತ್ತ ಆದ್ರೆ ಕೇಳೋಕೆ ನಾಲ್ಕು ಜನ ಇದ್ದಾರೆ. ಹತ್ತಡಿ ಗೋಡೆಯ ಹಿಂದೆ ಆ ನಾಲ್ಕು ಜನ ಇರಲ್ಲ. ಈ ಮಾತು ನಮ್ಮ ಗ್ರೂಪಿನಲ್ಲಿ ಯಾರೂ ಎತ್ತಿರಲಿಲ್ಲ. ಎತ್ತೋಕೆ ಆ ಅಮ್ಮ ಗ್ರೂಪಿನಲ್ಲಿ ಇಲ್ಲವಲ್ಲ.

ಅಮೆರಿಕದ ಕಾನೂನಿನಲ್ಲಿ ನನಗೆ ಕೊರತೆ ಅನಿಸಿದ್ದೂ ಇಂಥದ್ದೇ. ಅದು ಬರೆದದ್ದು ಗಂಟೆಗೆ ಅರವತ್ತು ಮೈಲಿಯಲ್ಲಿ ಹಾದುಹೋಗುವವನ ಕಣ್ಣಿಗೋಸ್ಕರ. ಗುಜರಿಯ ಹಿಂಬದಿ ಮನೆಯವರಿಗೆ, ಒಳಗೆ ಕೆಲಸ ಮಾಡುವವರಿಗೆ ಬೇಲಿಯಿಂದ ಬಂದದ್ದೇನೂ ಇಲ್ಲ. ಮಣ್ಣಿಗೆ ಇಳಿಯುವ ಇಂಜಿನ್ ಆಯಿಲ್, ಬ್ಯಾಟರಿ ಆಸಿಡ್ ಬೇಲಿ ನೋಡಿ ನಿಲ್ಲಲ್ಲ. ಅಪಾಯಕಾರಿ ತ್ಯಾಜ್ಯದ ಬಗ್ಗೆ ಅಲ್ಲಿ ದೊಡ್ಡ ಕಾನೂನು ಬಂದದ್ದು 1976ರಲ್ಲಿ, ಅಂದ್ರೆ ಪರದೆ ಬಂದು ಹನ್ನೊಂದು ವರ್ಷದ ಮೇಲೆ.

ಒಂದು ವಿಷಯಕ್ಕೆ ಮಾತ್ರ ಅವರನ್ನು ಮೆಚ್ಚಬೇಕು. ಆಗಲೇ ಕಾನೂನುಬದ್ಧವಾಗಿ ನಡೀತಿದ್ದ ಗುಜರಿಯನ್ನು ಎಬ್ಬಿಸಿದ್ರೆ ಮಾಲೀಕನಿಗೆ ನ್ಯಾಯವಾದ ಪರಿಹಾರ ಕೊಡಬೇಕು ಅಂತ ಅದೇ ಕಾನೂನಿನಲ್ಲಿ ಇದೆ. ಪರಿಹಾರದಲ್ಲೂ ಮರೆ ಕಟ್ಟುವ ಖರ್ಚಿನಲ್ಲೂ ನೂರಕ್ಕೆ 75 ಕೇಂದ್ರದ ಪಾಲು. ನಿನ್ನ ಅಂಗಳ ನಮ್ಮ ಕಣ್ಣಿಗೆ ಹಿಡಿಸಲ್ಲ, ಅದಕ್ಕೆ ನಾವೇ ದುಡ್ಡು ಹಾಕ್ತೀವಿ ಅಂತ. ನಮ್ಮ ಮೂವತ್ತೆಂಟು ಥಂಬ್ಸ್ ಅಪ್‌ಗಳ ಜೊತೆ ಹತ್ತು ರೂಪಾಯಿಯೂ ಬಂದಿರಲಿಲ್ಲ.

ನಮ್ಮ ದೇಶಕ್ಕೆ ಪರದೆ ಹೊಸದಲ್ಲ ಬಿಡಿ. 2020ರಲ್ಲಿ ಟ್ರಂಪ್ ಬರ್ತಾರೆ ಅಂತ ಅಹಮದಾಬಾದಿನ ಕೊಳೆಗೇರಿ ಮುಂದೆ ಗೋಡೆ ಎದ್ದಿತ್ತು. 2023ರ ಜಿ20 ಹೊತ್ತಿಗೆ ದಿಲ್ಲಿಯ ಕೊಳೆಗೇರಿಗಳ ಮುಂದೆ ಹಸಿರು ಬಟ್ಟೆ. ಆದ್ರೆ ಬೆಂಗಳೂರಿನ ಎಷ್ಟೋ ಪೊಲೀಸ್ ಠಾಣೆಗಳ ಮುಂದೆ ತುಕ್ಕು ಹಿಡಿಯುತ್ತಾ ನಿಂತ ಜಪ್ತಿ ಬೈಕುಗಳಿಗೆ ಶೀಟ್ ಹೊಡೆಸಿ ಅಂದವರನ್ನು ನಾನಂತೂ ನೋಡಿಲ್ಲ.

ಗುಜರಿಯಲ್ಲಿ ಅಪಾಯವೇ ಇಲ್ಲ ಅಂತ ನಾನು ಹೇಳ್ತಿಲ್ಲ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಏನಾಯ್ತು ನೆನಪಿದೆಯಾ? ದಿಲ್ಲಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಒಂದು ಯಂತ್ರವನ್ನು ಹರಾಜು ಹಾಕಿದ್ರು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಗೊತ್ತಿಲ್ಲದೆ ಬಿಚ್ಚಿದವರು, ಮುಟ್ಟಿದವರು ಆಸ್ಪತ್ರೆ ಸೇರಿದ್ರು, ಒಬ್ಬರು ತೀರಿಕೊಂಡ್ರು. ಆ ಅಪಾಯಕ್ಕೂ ಗುಜರಿ ರಸ್ತೆಗೆ ಕಾಣುತ್ತೋ ಇಲ್ಲವೋ ಅನ್ನೋದಕ್ಕೂ ಸಂಬಂಧ ಇರಲಿಲ್ಲ. ಒಳಗೆ ಏನು ಬರುತ್ತೆ, ಎಲ್ಲಿಂದ ಬರುತ್ತೆ ಅಂತ ನೋಡಬೇಕಾದವರು ನೋಡಿರಲಿಲ್ಲ, ಅಷ್ಟೇ.

ನಮ್ಮ ಬೀದಿಯ ಅಪಾಯ ಅಷ್ಟು ದೊಡ್ಡದಲ್ಲ, ಆದ್ರೆ ಇದೆ. ಟಯರ್! ಮಳೆ ನೀರು ನಿಂತ ಟಯರ್ ಅಂದ್ರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೆರಿಗೆ ವಾರ್ಡು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಕೂಡ ಇಟ್ಟಿತು. ಹತ್ತಡಿ ಶೀಟನ್ನು ಹಾರಿ ಬರೋದು ಆ ಸೊಳ್ಳೆಗೆ ಏನೂ ಕಷ್ಟ ಅಲ್ಲ. ಶೀಟ್ ಇದ್ರೆ ಒಳಗೆ ನೀರು ನಿಂತಿದೆ ಅಂತ ನಮಗೆ ಗೊತ್ತಾಗೋದು ಮಾತ್ರ ತಪ್ಪುತ್ತೆ.

ಆ ಎರಡು ಆಟೋ ನೋಡಿದಾಗಲೆಲ್ಲ ಇನ್ನೊಂದು ನೆನಪಾಗುತ್ತೆ. ನಿಮ್ಮ ಹಳೇ ಬೈಕೋ ಕಾರೋ ಗುಜರಿಗೆ ಹಾಕುವ ಯೋಚನೆ ಇದ್ರೆ ಬೀದಿ ಬದಿ ಕೊಟ್ಟು ಕೈ ತೊಳ್ಕೋಬೇಡಿ. 2021ರ ಕೇಂದ್ರದ ನಿಯಮಗಳ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳಿವೆ. ಗಾಡಿ ಒಪ್ಪಿಸಿದ್ದಕ್ಕೆ ಅವರು ಸರ್ಟಿಫಿಕೇಟ್ ಕೊಡ್ತಾರೆ. ಇಲ್ಲದಿದ್ರೆ ಗಾಡಿ ಚೂರಾದ ಮೇಲೂ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತೆ.

ಮೀಟಿಂಗಿನಲ್ಲಿ ನಾನು ಇಷ್ಟೇ ಕೇಳಿದೆ. ಟಯರ್ ಮೇಲೆ ಮಾಡು ಬೇಕು, ಫುಟ್‌ಪಾತ್ ಬಿಡಬೇಕು, ವೈರ್ ಸುಡಬಾರದು, ಆಯಿಲ್ ನೆಲಕ್ಕೆ ಚೆಲ್ಲಬಾರದು. ಮಾಡಿನ ಅರ್ಧ ಖರ್ಚು ನಮ್ಮ ಅಸೋಸಿಯೇಷನ್ ಕೊಡಲಿ. ಮರೆ ಬೇಕೇ ಬೇಕು ಅಂದ್ರೆ ಪಕ್ಕದ ಮನೆ ಕಿಟಕಿ ಇರುವ ಕಡೆ ಬೇಲಿ ಕಟ್ಟಿ ಕಾಗದದ ಹೂವಿನ ಬಳ್ಳಿ ಹಬ್ಬಿಸಿ, ತಕ್ಕಡಿ ಇರುವ ಕಡೆ ತೆರೆದೇ ಇರಲಿ.

ಮೂರನೇ ಮಹಡಿಯ ಅಂಕಲ್ ಒಬ್ಬರು ಎದ್ದು, "ಅಮ್ಮಾ, ನಿನ್ನ ಫ್ಲಾಟು ಹಿಂದ್ಗಡೆ ಇದೆ. ನಮ್ಮ ಬಾಲ್ಕನಿಗೆ ಬಂದು ನಿಂತ್ಕೊಂಡು ಈ ಮಾತು ಹೇಳು," ಅಂದ್ರು. ಮಾತು ನ್ಯಾಯವೇ. ಮರುದಿನ ಹೋಗಿ ನಿಂತೆ. ಅಷ್ಟು ಮೇಲಿಂದ ನೋಡಿದ್ರೆ ಹತ್ತಡಿ ಶೀಟಿನ ಆಚೆಯೂ ಇಡೀ ಅಂಗಡಿ ಕಾಣುತ್ತೆ. ಅದನ್ನೇ ಹೇಳಿದೆ. ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇಪ್ಪತ್ತಡಿ ಹಾಕಿಸಬೇಕಾ?" ಅಂದ್ರು. ಆಂಟಿ ಒಳಗಿಂದ ನಕ್ಕರು.

ಮಾಡಿನ ದುಡ್ಡಿಗೆ ಈವರೆಗೆ ಹನ್ನೊಂದು ಮನೆಯವರು ಒಪ್ಪಿದ್ದಾರೆ. ಅಂಕಲ್ ಇನ್ನೂ ಒಪ್ಪಿಲ್ಲ. ಮಳೆಗಾಲಕ್ಕೆ ಮುಂಚೆ ಟಯರ್ ಮುಚ್ಚಬೇಕು, ಶೀಟಿನ ವಿಷಯ ಮುಂದಿನ ತಿಂಗಳ ಮೀಟಿಂಗಿಗೆ ಹೋಗಿದೆ.